ಮಿಸ್ಟರ್ ಆಂಬ್ಲರ್ ಅವರ ನಲವತ್ತು ಕಾಯಿಲೆಗಳು

೧೯೬೯ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಡೆಟ್ರಾಯಿಟ್‌ನ ಆಸ್ಪತ್ರೆಯೊಂದರ ವಾರ್ಡಿನ ಬಾಗಿಲಲ್ಲಿ ಡಾಕ್ಟರ್ ವಸುಧಾ ಗಕ್ಕನೆ ನಿಂತುಬಿಟ್ಟಳು. ಒಳಗೆ ಒಬ್ಬ ರೋಗಿ ಅವಳನ್ನೇ ಅಭಿನಯಿಸುತ್ತಿದ್ದರು.

ಪಿತ್ತಕೋಶದ ಆಪರೇಷನ್ ಆಗಿ ನಾಲ್ಕು ದಿನವಾಗಿದ್ದ ಮನುಷ್ಯ. ವಯಸ್ಸು ಐವತ್ತೊಂಬತ್ತು. ಹೊಲಿಗೆ ನೋಯದಂತೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಭುಜದ ಮೇಲೆ ಇಲ್ಲದ ಸೆರಗನ್ನು ಇಲ್ಲದ ಬಿಳಿ ಕೋಟಿನೊಳಕ್ಕೆ ಸೇರಿಸಿಕೊಂಡರು, ಕೈಯಲ್ಲಿದ್ದ ಪತ್ರಿಕೆಯನ್ನು ಕೇಸ್ ಷೀಟಿನಂತೆ ನೋಡಿದರು, ಒಂದು ಕ್ಷಣ ಬಿಟ್ಟು ತಲೆಯೆತ್ತಿ ಪಕ್ಕದ ಹಾಸಿಗೆಯವನ ಮುಖ ನೋಡಿದರು. ಮೈಸೂರಿನಿಂದ ಬಂದು ಎಂಟೇ ತಿಂಗಳಾಗಿದ್ದ ವಸುಧಾಳಿಗೆ ತಾನು ಹಾಗೆ ಮಾಡುತ್ತೇನೆಂಬುದೇ ಗೊತ್ತಿರಲಿಲ್ಲ. ಪಕ್ಕದವನು ಕೆಮ್ಮಿ ಸೂಚನೆ ಕೊಟ್ಟ ಮೇಲೆ ಅವರು ಬಾಗಿಲ ಕಡೆ ತಿರುಗಿದರು. ಗಾಬರಿಯಾಗಲಿಲ್ಲ.

"ಕ್ಷಮಿಸಿ ಡಾಕ್ಟರ್. ನಿಮ್ಮದು ಕೊನೆಗೆ ಇಟ್ಟುಕೊಂಡಿದ್ದೆ. ಬೇರೆಯವರದು ಮಾಡೋದು ಸುಲಭ."

"ಯಾಕೆ ಸುಲಭ?" ಎಂದಳು ವಸುಧಾ, ಕೋಪಿಸಿಕೊಳ್ಳಬೇಕೋ ಬೇಡವೋ ತಿಳಿಯದೆ.

"ನಾಲ್ಕು ದಿನದಲ್ಲಿ ಆರು ಜನ ವಿದ್ಯಾರ್ಥಿಗಳು ಬಂದು ಅದದೇ ಪ್ರಶ್ನೆ ಕೇಳಿದರು. ಆರೂ ಜನ ಕಾಗದ ನೋಡಿಯೇ ಮಾತಾಡಿದರು. ನೀವು ಕಾಗದ ನೋಡಿದ ಮೇಲೆ ನನ್ನ ಮುಖ ನೋಡ್ತೀರಿ. ಅಷ್ಟು ತಡವಾಗಿ ನೋಡೋದನ್ನ ಸರಿಯಾದ ಹೊತ್ತಿಗೆ ಮಾಡಿ ತೋರಿಸೋದು ಕಷ್ಟ."

ವಸುಧಾಳಿಗೆ ನಗು ಬಂತು. ಹೀಗೆ ವಿಲ್‌ಫ್ರೆಡ್ ಆಂಬ್ಲರ್ ಅವರ ಪರಿಚಯವಾಯಿತು. ಅವರು ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಅವರ ಬದುಕಿನ ಮುಕ್ಕಾಲು ಭಾಗ ಅವಳಿಗೆ ಗೊತ್ತಾಗಿತ್ತು.

ಇಂಗ್ಲೆಂಡಿನ ಹಲ್ ಎಂಬ ಬಂದರಿನ ಊರು ಅವರದು. ತಂದೆ ಹಡಗಿನಿಂದ ಮೀನಿನ ಪೆಟ್ಟಿಗೆ ಇಳಿಸುತ್ತಿದ್ದವನು. ಹದಿನಾರಕ್ಕೇ ಹಡಗಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ವಿಲ್‌ಫ್ರೆಡ್, ಚರ್ಚಿನ ನಾಟಕದಲ್ಲಿ ಎಪ್ಪತ್ತರ ಮುದುಕನ ಪಾತ್ರ ಮಾಡಬೇಕಾಯಿತು. ಮಾಡಬೇಕಿದ್ದವರಿಗೆ ಜ್ವರ ಬಂದಿತ್ತು. ನಾಟಕ ಮುಗಿದ ಮೇಲೆ ತಾಯಿ ಬಂದು "ನೀನು ಯಾಕೋ ಇವತ್ತು ಮಾಡಲೇ ಇಲ್ಲ?" ಎಂದು ಕೇಳಿದಳಂತೆ. ಅವತ್ತಿಗೆ ಗುಮಾಸ್ತಿಕೆಯ ಋಣ ತೀರಿತು. ವಾರಕ್ಕೊಂದು ನಾಟಕ ಆಡುವ ಸಣ್ಣ ಕಂಪನಿಗಳಲ್ಲಿ ಮೂವತ್ತೆಂಟು ವರ್ಷ ದುಡಿದರು. ಪಾದ್ರಿ, ಪೊಲೀಸ್, ಬಟ್ಲರ್, ಸಾಲದ ದಲ್ಲಾಳಿ, ಕಿವುಡ ಮಾವ, ನಾಯಕನಿಗೆ ಕೊಡೆ ತಂದುಕೊಡುವವನು. ಒಂದೇ ನಾಟಕದಲ್ಲಿ ಮೊದಲನೆಯ ಅಂಕದಲ್ಲಿ ಕೊಲೆಯಾಗಿ ಮೂರನೆಯ ಅಂಕದಲ್ಲಿ ನ್ಯಾಯಾಧೀಶರಾಗಿ ಬಂದದ್ದೂ ಉಂಟು. ಎಡಿತ್ ಎಂಬ ಉಡುಪು ಹೊಲಿಯುವವಳನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಅವಳು ೧೯೬೪ರಲ್ಲಿ ತೀರಿಕೊಂಡಳು.

ಮನೆಯಲ್ಲಿ ಕೂರಲಾರದೆ ಒಂದು ತಂಡದೊಂದಿಗೆ ಅಮೆರಿಕ ಪ್ರವಾಸಕ್ಕೆ ಹೊರಟರು. ತಂಡ ಡೆಟ್ರಾಯಿಟ್ ಮುಟ್ಟಿದ್ದು ೧೯೬೭ರ ಜುಲೈನಲ್ಲಿ. ಮೂರನೆಯ ದಿನಕ್ಕೆ ಊರಲ್ಲಿ ಗಲಭೆಯೆದ್ದು ಬೀದಿಗಳು ಉರಿದವು, ಕರ್ಫ್ಯೂ ಬಂತು, ನಾಟಕ ನಿಂತುಹೋಯಿತು. ತಂಡ ಅಲ್ಲಿಗೇ ಒಡೆಯಿತು. ಬೇರೆಯವರು ಇಂಗ್ಲೆಂಡಿಗೆ ಹಿಂತಿರುಗಿದರು. ಆಂಬ್ಲರ್ ಮಾತ್ರ ಉಳಿದರು.

"ಹಿಂದೆ ಹೋದರೆ ಬಾಗಿಲು ತೆಗೆಯೋಕೆ ಯಾರೂ ಇರಲಿಲ್ಲ," ಎಂದಷ್ಟೇ ವಸುಧಾಳಿಗೆ ಹೇಳಿದರು. "ಇಲ್ಲಿ ಕಾರಿನ ಕಂಪನಿಗಳು ಸಿನಿಮಾ ಮಾಡ್ತವೆ ಗೊತ್ತಾ? ಕಾರು ಮಾರೋರಿಗೆ ಪಾಠ ಹೇಳೋ ಸಿನಿಮಾ. ಅದರಲ್ಲಿ ಜಗಳಗಂಟ ಗಿರಾಕಿ ನಾನೇ."

ಆಮೇಲೆ ಆಂಬ್ಲರ್ ಅವರಿಂದ ಎರಡು ಕ್ರಿಸ್‌ಮಸ್ ಕಾರ್ಡು ಬಂದವು. ವಸುಧಾಳ ಗಂಡ ಶೇಷಗಿರಿಗೆ ಷಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿ ಇಬ್ಬರೂ ಪಕ್ಕದ ಊರು ಡೆಸ್ ಪ್ಲೇನ್ಸ್‌ನಲ್ಲಿ ಮನೆ ಮಾಡಿದರು. ವಸುಧಾ ಷಿಕಾಗೋದ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದಳು. ಕಾರ್ಡುಗಳು ಹಳೆಯ ವಿಳಾಸದಲ್ಲೇ ನಿಂತುಹೋದವು.

೧೯೭೩ರ ಚಳಿಗಾಲದಲ್ಲಿ ನಡೆದ ಒಂದು ಸಂಗತಿ ಅವಳ ನಿದ್ದೆ ಕೆಡಿಸಿತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಐವತ್ತರ ಹೆಂಗಸೊಬ್ಬಳು ಆಯಾಸವೆಂದು ಆಸ್ಪತ್ರೆಗೆ ಬಂದಿದ್ದಳು. ಮೆಟ್ಟಿಲು ಹತ್ತಿದರೆ ದವಡೆ ನೋಯುತ್ತದೆ ಎಂದು ಹೋಗುತ್ತ ಹೋಗುತ್ತ ಹೇಳಿದಳು. ಬರೆದುಕೊಳ್ಳುತ್ತಿದ್ದ ವಿದ್ಯಾರ್ಥಿ ತಲೆಯೆತ್ತಲಿಲ್ಲ. 'ಆಯಾಸ' ಎಂದು ಬರೆದ. ಆ ಬರಹವನ್ನು ನಂಬಿ ವಸುಧಾ ರುಜು ಹಾಕಿದಳು. ಎರಡು ದಿನಕ್ಕೆ ಹೆಂಗಸಿಗೆ ಹೃದಯಾಘಾತವಾಯಿತು. ಬದುಕಿದಳು, ಆದರೆ ಕೆಲಸಕ್ಕೆ ಹೋಗುವ ಹಾಗಾಗಲಿಲ್ಲ. ಅವಳು ಯಾರನ್ನೂ ದೂರಲಿಲ್ಲ. "ನಾನೇ ಸರಿಯಾಗಿ ಹೇಳಬೇಕಿತ್ತು ಡಾಕ್ಟರ್" ಎಂದಳು. ಅದು ವಸುಧಾಳಿಗೆ ಇನ್ನೂ ಚುಚ್ಚಿತು.

"ಹುಡುಗರಿಗೆ ಪುಸ್ತಕ ಎಲ್ಲಾ ಬಾಯಿಪಾಠ ರೀ," ಎಂದಳು ಗಂಡನ ಹತ್ತಿರ. "ಮನುಷ್ಯರ ಜೊತೆ ಮಾತಾಡೋಕೆ ಬರಲ್ಲ. ಅದನ್ನ ನಿಜವಾದ ರೋಗಿ ಮೇಲೆ ಕಲೀರಿ ಅಂತ ಹೇಗೆ ಬಿಡೋದು?"

"ಸುಳ್ಳು ರೋಗಿ ಎಲ್ಲಿ ಸಿಗ್ತಾನೆ ವಸು?" ಎಂದ ಶೇಷಗಿರಿ.

ಅವನು ಸುಮ್ಮನೆ ಆಡಿದ ಮಾತು. ಅವಳಿಗೆ ಮಾತ್ರ ದಿಂಬು ಒತ್ತಿ ಹಿಡಿದು ಕೂತಿದ್ದ ಮನುಷ್ಯ ಕಣ್ಣಿಗೆ ಕಟ್ಟಿದರು. ನಟರನ್ನು ರೋಗಿಗಳಂತೆ ಕೂರಿಸಿ ಪಾಠ ಮಾಡುವುದು ಎಲ್ಲೋ ಶುರುವಾಗಿದೆಯೆಂದು ವೈದ್ಯಕೀಯ ಪತ್ರಿಕೆಯಲ್ಲಿ ಓದಿದ್ದೂ ನೆನಪಾಯಿತು. ಆ ಶನಿವಾರವೇ ಇಬ್ಬರೂ ಡೆಟ್ರಾಯಿಟ್‌ಗೆ ಹೊರಟರು. ಇನ್ನೂರ ಎಂಬತ್ತು ಮೈಲಿ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ದಾರಿಯುದ್ದಕ್ಕೂ ಶೇಷಗಿರಿ, "ಫೋನ್ ಮಾಡಿ ಕೇಳಬಹುದಿತ್ತು" ಎಂದು ಗೊಣಗುತ್ತಲೇ ಡ್ರೈವ್ ಮಾಡಿದ.

ಹಳೆಯ ಕಾರ್ಡಿನ ವಿಳಾಸದಲ್ಲಿ ಸಿಕ್ಕ ಆಂಬ್ಲರ್ ಅವರ ಮನೆಯೊಡತಿ ಒಂದು ಸ್ಟುಡಿಯೋದ ವಿಳಾಸ ಕೊಟ್ಟಳು. ಅಲ್ಲಿ ಕಾರ್ಖಾನೆ ಕೆಲಸಗಾರರಿಗಾಗಿ ಅಪಘಾತ ತಪ್ಪಿಸುವ ಬಗ್ಗೆ ಸಿನಿಮಾ ತೆಗೆಯುತ್ತಿದ್ದರು. ಯಂತ್ರದ ಪಕ್ಕದಲ್ಲಿ ಆಂಬ್ಲರ್ ಕಾಲು ಮುರಿದುಕೊಂಡು ಬಿದ್ದಿದ್ದರು. ಅವರ ಮುಖದ ಬಣ್ಣ ನೋಡಿ ವಸುಧಾಳ ಕಾಲು ತಾನಾಗಿ ಎರಡು ಹೆಜ್ಜೆ ಮುಂದಿಟ್ಟಿತು. ಶೇಷಗಿರಿ ತೋಳು ಹಿಡಿದು ನಿಲ್ಲಿಸಿದ. ಷಾಟ್ ಮುಗಿಯಿತು. ಆಂಬ್ಲರ್ ಎದ್ದು ಪ್ಯಾಂಟಿನ ಧೂಳು ಕೊಡವಿ, ಅವಳನ್ನು ಗುರುತು ಹಿಡಿದು, ನಿನ್ನೆ ಮಾತಾಡಿ ಬಿಟ್ಟವರ ಹಾಗೆ ಕೇಳಿದರು: "ಡಾಕ್ಟರ್, ನನ್ನ ಕಾಲು ಸರಿಯಾಗಿ ಮುರಿದಿತ್ತಾ?"

"ಪಾದ ಇನ್ನೂ ಹೊರಗಡೆ ತಿರುಗಬೇಕು. ಆಮೇಲೆ ಕಾಲು ಮುರಿದವರು ಕಾಲನ್ನ ಹಿಡಕೊಳ್ಳಲ್ಲ. ಯಾರಾದರೂ ಮುಟ್ಟಿಬಿಡ್ತಾರೋ ಅಂತ ಕೈ ಅಡ್ಡ ಇಟ್ಟುಕೊಳ್ತಾರೆ."

ಆಂಬ್ಲರ್ ನಿರ್ದೇಶಕನ ಕಡೆ ತಿರುಗಿ, ಇನ್ನೊಂದು ಸಲ ಬೀಳುತ್ತೇನೆ ಎಂದರು. ಅವನು ಸಾಕೆಂದರೂ ಕೇಳಲಿಲ್ಲ. ಎರಡನೆಯ ಸಲ ಬಿದ್ದಾಗ ಶೇಷಗಿರಿಯೇ ಮುಖ ಆಚೆ ತಿರುಗಿಸಿದ.

ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ವಸುಧಾ ಬಂದ ಕೆಲಸ ಹೇಳಿದಳು. ಆಂಬ್ಲರ್ ಕಪ್ಪನ್ನು ಕೆಳಗಿಟ್ಟು ಕೇಳಿದರು:

"ಜನ ಎಷ್ಟು ಇರ್ತಾರೆ?"

"ನೋಡೋಕಾ? ಒಬ್ಬ. ಪರೀಕ್ಷೆ ಮಾಡೋ ವಿದ್ಯಾರ್ಥಿ. ಒಂದು ಕಡೆಯಿಂದ ಮಾತ್ರ ಕಾಣೋ ಕನ್ನಡಿ ಇರುತ್ತೆ, ನಾನು ಅದರ ಆ ಕಡೆ ಕೂತಿರ್ತೀನಿ."

"ಚಪ್ಪಾಳೆ?"

"ಇಲ್ಲ."

"ಒಬ್ಬನೇ ಪ್ರೇಕ್ಷಕ, ಒಂದು ಮೊಳ ದೂರದಲ್ಲಿ," ಎಂದರು ಆಂಬ್ಲರ್. "ಮೈ ಮುಟ್ಟಿ ನೋಡ್ತಾನೆ. ಒಂದು ಸುಳ್ಳು ಸಿಕ್ಕಿದರೆ ಮುಗೀತು. ಇಷ್ಟು ಕಷ್ಟದ ರಂಗಮಂಚ ನಾನು ಕಂಡಿಲ್ಲ." ಅವರು ಒಪ್ಪಿಕೊಂಡಿದ್ದಾರೆಂದು ವಸುಧಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಎರಡೇ ಸೂಟ್‌ಕೇಸ್ ಹಿಡಿದು ಫೆಬ್ರುವರಿಯಲ್ಲಿ ಷಿಕಾಗೋಗೆ ಬಂದರು. ಕಾಲೇಜಿನ ಹತ್ತಿರವೇ ಒಂದು ಕೋಣೆ ಹಿಡಿದರು. ಕಾಲೇಜಿನ ಹಿರಿಯರು ಇದೇನು ಸರ್ಕಸ್ಸೇ ಎಂದರು. ಒಂದು ವರ್ಷ ನೋಡೋಣವೆಂದು ಬಿಟ್ಟರು. ಮೊದಲ ಮೂರು ವಾರ ಆಂಬ್ಲರ್ ಏನೂ ಮಾಡಲಿಲ್ಲ. ಹೊರರೋಗಿಗಳು ಕಾಯುವ ಕೋಣೆಯಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂತರು. ವಸುಧಾ ರೋಗಲಕ್ಷಣಗಳ ಪಟ್ಟಿ ಟೈಪ್ ಮಾಡಿ ಕೊಟ್ಟರೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಕಾಯಿಲೆಯನ್ನ ನಟಿಸೋಕಾಗಲ್ಲ ಡಾಕ್ಟರ್," ಎಂದರು ಒಂದು ದಿನ. "ಕಾಯಿಲೆ ಬಚ್ಚಿಡೋ ಮನುಷ್ಯನನ್ನ ನಟಿಸಬಹುದು. ಆ ಬೆಂಚಿನ ಮೇಲೆ ಕೂತವರೆಲ್ಲ ಏನೋ ಒಂದನ್ನ ಬಚ್ಚಿಟ್ಟುಕೊಂಡೇ ಬಂದಿರ್ತಾರೆ."

ಅವರು ಅಭಿನಯಿಸಿದ ಮೊದಲ ರೋಗಿ, ಉಕ್ಕಿನ ಕಾರ್ಖಾನೆಯ ಕೆಲಸಗಾರ ಗಸ್. ಎದೆ ನೋಯುತ್ತದೆ, ಹಾಗೆಂದರೆ ಕೆಲಸ ಹೋದೀತೆಂದು ಭುಜನೋವು ಎನ್ನುತ್ತಾನೆ. ಆಂಬ್ಲರ್ ತಮಗೆ ತಾವೇ ಒಂದು ನಿಯಮ ಹಾಕಿಕೊಂಡಿದ್ದರು: ಎದುರಿನವನು ತನ್ನ ಮುಖ ನೋಡಿ, ಕೇಳಿದ್ದಕ್ಕೆ ಉತ್ತರ ಬರುವ ತನಕ ಕಾದರೆ ಮಾತ್ರ ಗಸ್ ನಿಜ ಹೇಳುತ್ತಾನೆ. ಮತ್ತು ಏನೇ ಆದರೂ ವಿದ್ಯಾರ್ಥಿಯ ಎದುರು ಪಾತ್ರ ಬಿಟ್ಟು ಹೊರಬರುವುದಿಲ್ಲ.

ಡೆನಿಸ್ ನೊವಾಕ್ ಎಂಬ ವಿದ್ಯಾರ್ಥಿ ತರಗತಿಗೇ ಮೊದಲಿಗ. ಗಸ್‌ನ ಎದುರು ಮೂರು ಸಲ ಕೂತ, ಮೂರು ಸಲವೂ ಭುಜನೋವಿಗೆ ಮಾತ್ರೆ ಬರೆದು ಎದ್ದ. ಮೂರನೆಯ ಸಲ ವಸುಧಾಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಅವರು ಬೇಕೂಂತ ಹೇಳ್ತಿಲ್ಲ. ನಾನು ಡಾಕ್ಟರ್ ಆಗೋಕೆ ಬಂದಿದೀನಿ, ನಾಟಕ ನೋಡೋಕಲ್ಲ."

"ನಿಜವಾದ ಗಸ್ ಬಂದರೂ ಬೇಕೂಂತ ಹೇಳಲ್ಲ. ಅವನ ಮನೇಲಿ ಎಷ್ಟು ಜನ ಇದಾರೆ?"

ನೊವಾಕ್‌ಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಮುಂದಿನ ವಾರ ಅವನು ಪೆನ್ನನ್ನು ಜೇಬಿನಲ್ಲೇ ಬಿಟ್ಟು ಬಂದು ಅದೊಂದೇ ಪ್ರಶ್ನೆ ಕೇಳಿ ಕಾದ. ಇಡೀ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಗಸ್‌ನ ಕೈ ಭುಜದಿಂದ ಮೆಲ್ಲಗೆ ಜಾರಿ ಎದೆಯ ನಡುವೆ ನಿಂತಿತು. ಕನ್ನಡಿಯ ಹಿಂದೆ ಕೂತಿದ್ದ ವಸುಧಾ ನೊವಾಕ್‌ನ ಹೆಸರಿನ ಮುಂದೆ ಗುರುತು ಹಾಕಿದಳು.

ಒಂದು ವರ್ಷದ ಮಾತು ಎರಡಾಯಿತು. ಪಾತ್ರಗಳು ಬೆಳೆಯುತ್ತ ನಲವತ್ತಾದವು. ಕುಡಿತ ಬಚ್ಚಿಡುವ ಮೇಷ್ಟರು, ಸಕ್ಕರೆ ಕಾಯಿಲೆಯಿದ್ದೂ ಸಿಹಿ ತಿನ್ನುವ ರೊಟ್ಟಿ ಅಂಗಡಿಯವನು, ಹೆಂಡತಿ ಸತ್ತ ಮೇಲೆ ಊಟ ಬಿಟ್ಟ ರೈತ. ಒಂದೊಂದಕ್ಕೂ ಬೇರೆ ಬೇರೆ ನಡಿಗೆ, ಬೇರೆ ಊರಿನ ಇಂಗ್ಲಿಷು, ಹಳೆಬಟ್ಟೆ ಅಂಗಡಿಯಿಂದ ಆರಿಸಿ ತಂದ ಬೇರೆ ಷೂಸು. ಮೊದಲ ವರ್ಷದ ಮಕ್ಕಳು ಹಿಂದಿನ ವಾರ ಇವರನ್ನೇ ನೋಡಿದ್ದೆವೆಂಬುದನ್ನು ಮರೆತು ಹೊಸಬರೊಂದಿಗೆ ಮಾತಾಡುವಂತೆ ಮಾತಾಡುತ್ತಿದ್ದರು.

೧೯೭೫ರ ಅಕ್ಟೋಬರಿನಲ್ಲಿ ಕೊನೆಯ ವರ್ಷದವರ ಪರೀಕ್ಷೆ. ಅಂದಿನ ಪಾತ್ರ, ಒಂದು ವರ್ಷದಿಂದ ಬೆನ್ನುನೋವಿರುವ ಪಿಯಾನೋ ರಿಪೇರಿಯವನು. ನೊವಾಕ್ ಒಳಗೆ ಬಂದ, ಕುರ್ಚಿ ಎಳೆದು ಎದುರಿಗೆ ಕೂತ, ಚೆನ್ನಾಗಿಯೇ ಮಾತಾಡಿಸಿದ. ಆಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡತೊಡಗಿದ. ಹೊಕ್ಕುಳಿನ ಮೇಲೆ ಅವನ ಕೈ ನಿಂತಿತು. ತೆಗೆದು, ಮತ್ತೆ ಇಟ್ಟ.

"ಮಿಸ್ಟರ್ ಆಂಬ್ಲರ್, ಒಂದು ನಿಮಿಷ ನಟನೆ ನಿಲ್ಲಿಸಬಹುದಾ?"

"ಯಾರಂದ್ರಿ?" ಎಂದ ಪಿಯಾನೋದವನು. "ನನ್ನ ಹೆಸರು ಹಾರ್ಪರ್."

ಪರೀಕ್ಷೆ ಕೆಡಿಸಿಕೊಂಡ ಎಂದುಕೊಂಡಳು ವಸುಧಾ. ನೊವಾಕ್ ವಾದ ಮಾಡಲಿಲ್ಲ. ಕನ್ನಡಿಯ ಕಡೆ ತಿರುಗಿ ಕೈಯಾಡಿಸಿ ಕರೆದ. ಪರೀಕ್ಷೆಯ ನಡುವೆ ಹಾಗೆ ಯಾರೂ ಕರೆದಿರಲಿಲ್ಲ. ವಸುಧಾ ಒಳಗೆ ಹೋಗಿ ಅವನು ತೋರಿಸಿದಲ್ಲಿ ಬೆರಳಿಟ್ಟಳು. ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಹೊಟ್ಟೆಯೊಳಗೆ ಬಲೂನಿನಂತೆ ಉಬ್ಬಿ, ಒಂದೊಂದು ಬಡಿತಕ್ಕೂ ಅವಳ ಬೆರಳುಗಳನ್ನು ಎರಡೂ ಕಡೆಗೆ ತಳ್ಳುತ್ತಿತ್ತು. ಒಡೆದರೆ ನಿಮಿಷಗಳಲ್ಲಿ ಸಾವು.

ಆಂಬ್ಲರ್ ಅವಳ ಮುಖವನ್ನೇ ನೋಡುತ್ತಿದ್ದರು. ಎಷ್ಟೋ ಮುಖಗಳನ್ನು ಓದಿದವರಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. "ಇದು ನಾನು ಸೇರಿಸಿದ್ದಲ್ಲ ಡಾಕ್ಟರ್," ಎಂದರು, ಮೊಟ್ಟಮೊದಲ ಬಾರಿಗೆ ವಿದ್ಯಾರ್ಥಿಯ ಎದುರು ತಮ್ಮದೇ ದನಿಯಲ್ಲಿ.

"ಬೆನ್ನುನೋವು ನಿಜವಾಗಿಯೂ ಇತ್ತಾ?"

"ಎರಡು ತಿಂಗಳಿಂದ. ಪಾತ್ರಕ್ಕೆ ಅನುಕೂಲ ಆಯ್ತು ಅಂದುಕೊಂಡೆ."

ಮರುದಿನವೇ ಆಪರೇಷನ್ ಎಂದಾಯಿತು. ಬೆಳಿಗ್ಗೆ ವಸುಧಾ ನೋಡಲು ಹೋದಾಗ ಅವರು ಹೊದಿಕೆಯ ಅಂಚು ಹಿಡಿದು ಮಲಗಿದ್ದರು.

"ಹೆದರಿಕೆಯನ್ನ ನೂರಾರು ಸಲ ಮಾಡಿದೀನಿ," ಎಂದರು. "ನನ್ನದು ಇದಕ್ಕಿಂತ ಚೆನ್ನಾಗಿತ್ತು. ಇದರಲ್ಲಿ ಮಾಡೋಕೆ ಏನೂ ಇಲ್ಲ. ಸುಮ್ಮನೆ ಮಲಗಿರಬೇಕು."

ವಸುಧಾ ಕುರ್ಚಿ ಎಳೆದುಕೊಂಡು, ಅವರನ್ನು ಒಳಗೆ ಕರೆದೊಯ್ಯುವ ತನಕ ಕೈ ಹಿಡಿದು ಕೂತಿದ್ದಳು. ಆಪರೇಷನ್ ಐದು ಗಂಟೆ ಹಿಡಿಯಿತು. ನೊವಾಕ್ ಹೊರಗಿನ ಬೆಂಚಿನಿಂದ ಏಳಲಿಲ್ಲ. ಉಬ್ಬಿದ ನಾಳ ತೆಗೆದು ಬಟ್ಟೆಯ ಕೊಳವೆ ಹೊಲಿದಿದ್ದೇವೆ, ಬದುಕಿದರು, ಎಂದು ಸರ್ಜನ್ ಬಂದು ಹೇಳಿದಾಗ ಅವನು ಮುಖ ತೊಳೆದುಕೊಂಡು ಬರುತ್ತೇನೆಂದು ಹೋಗಿ ಅರ್ಧ ಗಂಟೆ ಬರಲಿಲ್ಲ.

ಸುಧಾರಿಸಿಕೊಳ್ಳಲು ಆಂಬ್ಲರ್ ಅವರನ್ನು ಡೆಸ್ ಪ್ಲೇನ್ಸ್‌ನ ಮನೆಗೆ ಕರೆತಂದವನು ಶೇಷಗಿರಿಯೇ. ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳು ಚಾವಣಿಯ ಮೇಲೆಯೇ ಹಾದುಹೋಗುತ್ತಿದ್ದವು. ಅಷ್ಟು ಹೊತ್ತು ಮಾತು ನಿಲ್ಲಿಸಿ, ವಿಮಾನ ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದನ್ನು ಅವರು ಎರಡು ದಿನದಲ್ಲಿ ಕಲಿತರು. ಮೆಣಸಿನ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.

ಶೇಷಗಿರಿಯ ಕಾರ್ಖಾನೆಯಲ್ಲೇ ಕೆಲಸದಲ್ಲಿದ್ದ ಗುರುಸಿದ್ದ ಧಾರವಾಡದ ಕಡೆಯವನು. ಅವನ ಹೆಂಡತಿ ನೀಲಗಂಗಾ ಮಧ್ಯಾಹ್ನ ಶೇಂಗಾ ಚಟ್ನಿ, ಚಪಾತಿ ಹಿಡಿದು ಬಂದು ಸೋಫಾದ ತುದಿಯಲ್ಲಿ ಕೂರುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಕೈಸನ್ನೆಯಲ್ಲೇ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಭಾನುವಾರ ಆಂಬ್ಲರ್ ವಸುಧಾಳನ್ನು ಕರೆದರು.

"ಈಕೆ ಏನೋ ಒಂದು ಕಥೆ ಹೇಳಿದಳು. ಡಾಕ್ಟರ ಹತ್ತಿರ ಹೋಗಿದ್ದು ಅಂತ ಗೊತ್ತಾಯ್ತು. ಗಂಡ ಮಾತಾಡಿದ, ಡಾಕ್ಟರೂ ಮಾತಾಡಿದ, ಇವಳು ಗೋಡೆ ನೋಡಿದಳು. ಆಮೇಲಿನದು ಗೊತ್ತಾಗಲಿಲ್ಲ, ಕೇಳಿ."

ವಸುಧಾ ಕೇಳಿದಳು. ನೀಲಗಂಗಾ ಸೆರಗಿನ ತುದಿ ಸುತ್ತುತ್ತ ಹೇಳಿದಳು: "ಏನ್ ಹೇಳ್ಲಿ ಅಕ್ಕಾರ, ಹ್ವಾದ ವರ್ಷ ಹೊಟ್ಟಿ ಬ್ಯಾನಿ ಅಂತ ಹೋಗಿದ್ವಿ. ಎಲ್ಲಾ ನಮ್ಮ ಮನಿಯವ್ರನ್ನ ಕೇಳಿದ್ರು. ಗಂಡಸರ ಮುಂದ ಹೇಳೂವಂಥದ್ದ ಆಗಿರಲಿಲ್ರಿ ಅದು. ಗುಳಗಿ ಕೊಟ್ರು, ಬಂದ್ವಿ. ಬ್ಯಾನಿ ಇನ್ನೂ ಐತಿ."

ಮರುದಿನ ವಸುಧಾ ಅವಳನ್ನು ಒಬ್ಬ ಹೆಣ್ಣು ಡಾಕ್ಟರ ಬಳಿ ಕರೆದೊಯ್ದಳು. ತಿಂಗಳೊಳಗೆ ನೋವು ಹೋಯಿತು. ಆಂಬ್ಲರ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ಆ ಕಥೆ ನಾನು ಮಾಡೋಕಾಗಲ್ಲ," ಎಂದರು. "ಅವಳು ಮಾಡಬಹುದು."

"ನನಗ ನಾಟಕ ಗೀಟಕ ಬರಂಗಿಲ್ರಿ," ಎಂದಳು ನೀಲಗಂಗಾ, ವಸುಧಾ ವಿವರಿಸಿದ ಮೇಲೆ. ಸ್ವಲ್ಪ ತಡೆದು ಕೇಳಿದಳು: "ಆ ಹುಡುಗೋರು ಇದರಿಂದ ಕಲಿತಾರೇನ್ರಿ, ಖರೇನ?"

ಚಳಿಗಾಲವೆಲ್ಲ ತಾಲೀಮು ನಡೆಯಿತು, ಡೆಸ್ ಪ್ಲೇನ್ಸ್‌ನ ನಡುಮನೆಯಲ್ಲಿ. ಶೇಷಗಿರಿ ವಿದ್ಯಾರ್ಥಿಯಾಗುತ್ತಿದ್ದ, ಗುರುಸಿದ್ದ ಗಂಡನ ಪಾತ್ರಕ್ಕೆ ತಾನೇ ಸಾಕೆಂದು ಬಂದು ಕೂರುತ್ತಿದ್ದ. ಆಂಬ್ಲರ್ ನೀಲಗಂಗಾಳಿಗೆ ಹೇಳಿಕೊಟ್ಟದ್ದು ಬಹಳ ಕಡಿಮೆ. ಅವಳು ಮುಖ ಕಿವುಚಿ ನೋವು ತೋರಿಸಿದಾಗೆಲ್ಲ ತಲೆಯಾಡಿಸಿ ಬೇಡವೆನ್ನುತ್ತಿದ್ದರು. ಕೊನೆಗೊಂದು ದಿನ ಅವಳು ಏನನ್ನೂ ತೋರಿಸದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು. ಗುರುಸಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತ ಹೇಳುತ್ತ ಅವಳತ್ತ ತಿರುಗಿ, ನಡುವೆಯೇ ಮಾತು ನಿಲ್ಲಿಸಿದ. ಹೆಂಡತಿಯ ಆ ಮುಖವನ್ನು ಅವನು ಹಿಂದೆ ಡಾಕ್ಟರ ಕೋಣೆಯಲ್ಲಿ ನೋಡಿರಲಿಲ್ಲ. "ನನಗ ಹೇಳಬೇಕಿತ್ತಲ್ಲ ನೀಲಾ," ಎಂದ ಮೆಲ್ಲಗೆ. ಅಂದಿನ ತಾಲೀಮು ಅಲ್ಲಿಗೇ ಮುಗಿಯಿತು.

೧೯೭೬ರ ಏಪ್ರಿಲ್‌ನಲ್ಲಿ ಅವಳ ಮೊದಲ ತರಗತಿ. ಆಂಬ್ಲರ್ ಕನ್ನಡಿಯ ಹಿಂದೆ, ವಸುಧಾಳ ಪಕ್ಕದಲ್ಲಿ ಕೂತರು. ಮೊದಲಿನ ನಾಲ್ಕು ಜನ ವಿದ್ಯಾರ್ಥಿಗಳು ಜೊತೆಗೆ ಬಂದ ಗಂಡನನ್ನೇ ಕೇಳಿ, ಗಂಡನಿಗೇ ಹೇಳಿ ಹೋದರು. ಐದನೆಯವಳು ಎರಡನೆಯ ವರ್ಷದ ಸಣ್ಣಗಿನ ಹುಡುಗಿ. ಅರ್ಧಕ್ಕೇ ತಡೆದು, ಗಂಡನನ್ನು ಸ್ವಲ್ಪ ಹೊರಗಿರಲು ಕೇಳಿ, ಭಾಷೆ ಬಲ್ಲ ಹೆಂಗಸರು ಯಾರಾದರೂ ಸಿಗುತ್ತಾರೆಯೇ ಎಂದು ನರ್ಸನ್ನು ಕಳಿಸಿದಳು. ಕಾಯುವಷ್ಟು ಹೊತ್ತು ಮಾತಿಲ್ಲದೆ ನೀಲಗಂಗಾಳ ಪಕ್ಕ ಕೂತಳು. ತರಗತಿ ಮುಗಿದು ಹೊರಬಂದ ನೀಲಗಂಗಾ, "ಆ ಕೂಸು ಛಲೋ ಡಾಕ್ಟರ್ ಆಕ್ಕಾಳ ನೋಡ್ರಿ," ಎಂದಳು. ವಸುಧಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಂಬ್ಲರ್ ಎದ್ದು ನಿಂತು ನೀಲಗಂಗಾಳಿಗೆ ತಲೆಬಾಗಿಸಿದರು, ರಂಗದ ಮೇಲೆ ದೊಡ್ಡ ನಟರಿಗೆ ಸಣ್ಣ ನಟರು ಬಾಗುವಂತೆ.

ಆಮೇಲೆ ರೋಗಿಗಳ ಪಾತ್ರಕ್ಕೆ ಇನ್ನೂ ಜನ ಬಂದರು: ಕೆಲಸವಿಲ್ಲದ ನಟರು, ರಿಟೈರಾದ ಬಸ್ ಡ್ರೈವರ್, ಪೋಲೆಂಡಿನ ಅಜ್ಜಿ. ೧೯೭೯ರ ಹೊತ್ತಿಗೆ ಕಾಲೇಜು ಈ ಪಾಠಕ್ರಮವನ್ನು ಕಾಯಂ ಮಾಡಿ, ಹೊಸ ಪಾತ್ರಧಾರಿಗಳಿಗೆ ಕಲಿಸುವ ಕೆಲಸವನ್ನು ಆಂಬ್ಲರ್ ಅವರಿಗೇ ಒಪ್ಪಿಸಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಬಾಗಿಲ ಮೇಲೆ ಅವರ ಹೆಸರಿನ ಫಲಕ ಬಂತು. ನೊವಾಕ್ ಮಿಷಿಗನ್‌ನ ಸಣ್ಣ ಊರೊಂದರಲ್ಲಿ ಡಾಕ್ಟರಾಗಿದ್ದ. ವರ್ಷಕ್ಕೊಮ್ಮೆ ಬಂದು ಅವರ ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದ.

ಫಲಕ ಹಾಕಿದ ವಾರ ವಸುಧಾ ಅವರನ್ನು ಹುಡುಕಿಕೊಂಡು ಹೋದರೆ ಕೋಣೆ ಖಾಲಿಯಿತ್ತು. ಆಂಬ್ಲರ್ ಲಕ್ವ ಹೊಡೆದವರ ವಾರ್ಡಿನಲ್ಲಿ, ಮಾತು ಕಳೆದುಕೊಂಡ ಒಬ್ಬ ಮುದುಕನ ಪಕ್ಕ ಕೂತು, ಅವನು ನೀರು ಬೇಕೆಂದು ಹೇಗೆ ಕೇಳುತ್ತಾನೆಂದು ನೋಡುತ್ತಿದ್ದರು. ನೋಡಿ ಅರ್ಥ ಮಾಡಿಕೊಂಡು, ಲೋಟ ತುಂಬಿ ಅವನ ತುಟಿಗೆ ಹಿಡಿದರು.